ಮಕ್ಕಳನ್ನು ಮನೆಯಲ್ಲೇ ಓದಿಸ್ತಿದ್ದೇವೆ: ನಮ್ಮ ಕಾರಣ ಇದು, ನಿಮ್ಮ ಅಭಿಪ್ರಾಯ ಹೇಳಿ

ಗಂಗಾವತಿ ತಾಯಿ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸೋರು ನಮ್ಮ ಕೊಪ್ಪಳ, ರಾಯಚೂರು ಕಡೆ ಯಾರಾದ್ರೂ ಇದ್ದೀರಾ ಅಂತ ಇಲ್ಲಿ ಒಬ್ಬರು ಕೇಳಿದ್ದರು. ನಾವಿದ್ದೇವೆ. ಯಾಕೆ ಹೀಗೆ ಮಾಡಿದ್ರಿ ಅಂತ ಸಂಬಂಧಿಕರು, ಅಂಗಡಿಗೆ ಬರೋರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಕೇಳ್ತಾರೆ. ಅದಕ್ಕೇ ಒಮ್ಮೆ ವಿವರವಾಗಿ ಬರೆಯೋಣ ಅನಿಸಿತು.

ನಮ್ಮದು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರದು ಗೊಬ್ಬರದ ಅಂಗಡಿ. ಮದುವೆಗೆ ಮುಂಚೆ ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತಿದ್ದೆ. ಮಗಳು ಈಗ ಆರನೇ ಕ್ಲಾಸಿನಲ್ಲಿ ಇರಬೇಕಾದವಳು, ಮಗ ಮೂರನೇ ಕ್ಲಾಸಿನಲ್ಲಿ. 2023ರ ಜೂನ್‌ನಿಂದ ಇಬ್ಬರೂ ಮನೆಯಲ್ಲೇ ಓದ್ತಿದ್ದಾರೆ. ಅದಕ್ಕೆ ಮೊದಲು ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗ್ತಿದ್ದರು. ಮಗಳು ಅಲ್ಲಿ ಮೂರನೇ ಕ್ಲಾಸ್ ಮುಗಿಸಿದ್ದಳು, ಮಗ ಯುಕೆಜಿ.

ಒಂದು ಸಂಜೆ ಮಗಳ ನೋಟ್‌ಬುಕ್ ತೆಗೆದು ನೋಡಿದೆ. ಗಿಡ ತನ್ನ ಆಹಾರವನ್ನು ಹೇಗೆ ತಯಾರಿಸಿಕೊಳ್ಳುತ್ತೆ ಅನ್ನೋ ಪ್ರಶ್ನೆ. ಕೆಳಗೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಉತ್ತರ. ಒಂದಕ್ಷರ ತಪ್ಪಿಲ್ಲ. ಕೆಂಪು ಟಿಕ್, ಪಕ್ಕದಲ್ಲಿ 'ಗುಡ್'. ಇದರ ಅರ್ಥ ಏನಮ್ಮಾ ಅಂತ ಕೇಳಿದೆ. ಅದೇ ನಾಲ್ಕು ಸಾಲನ್ನು ಕಣ್ಣು ಮುಚ್ಚಿ ಒಪ್ಪಿಸಿದಳು. ಕನ್ನಡದಲ್ಲಿ ಹೇಳು ಅಂದೆ. ಸುಮ್ನೆ ನಿಂತಳು. ನಮ್ಮ ಮನೆ ಹಿಂದೆ ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ ಇದೆ. ಎಲೆಗೂ ಬಿಸಿಲಿಗೂ ಏನು ಸಂಬಂಧ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಉತ್ತರ ಬರೆಸಿದ್ದರು, ಅಷ್ಟೇ.

ಆಮೇಲೆ ಉಳಿದ ಪುಸ್ತಕಗಳನ್ನೂ ನೋಡಿದೆ. ಎಲ್ಲಾ ಹಾಗೇ ಇತ್ತು. ಬೋರ್ಡ್ ನೋಡಿ ಬರಿ, ಬಾಯಿಪಾಠ ಮಾಡು, ಪರೀಕ್ಷೆಯಲ್ಲಿ ಇಳಿಸು. ಅಲ್ಲಿನ ಟೀಚರುಗಳನ್ನು ನಾನು ದೂರೋದಿಲ್ಲ. ಕಡಿಮೆ ಸಂಬಳ, ತುಂಬಿದ ಕ್ಲಾಸು, ಇಂಗ್ಲಿಷ್‌ನಲ್ಲೇ ಮಾತಾಡಿಸಿ ಅಂತ ಪಾಲಕರ ಒತ್ತಾಯ ಬೇರೆ. ಮನೆಯಲ್ಲಿ ಇಂಗ್ಲಿಷ್ ಆಡೋರು ಯಾರಿದ್ದಾರೆ ಹೇಳಿ? ಕನ್ನಡ ಆಡ್ತೀವಿ. ಆಂಧ್ರದ ಕಡೆಯಿಂದ ಬಂದ ತೆಲುಗು ರೈತರು ನೆಲೆಸಿರೋ ಕ್ಯಾಂಪಿನ ಪಕ್ಕದಲ್ಲೇ ಇರೋದ್ರಿಂದ ತೆಲುಗೂ ಬರುತ್ತೆ. ಎರಡು ಭಾಷೆ ಚೆನ್ನಾಗಿ ಬರೋ ಮಗು ಮೂರನೇ ಭಾಷೆಯಲ್ಲಿ ದಿನವಿಡೀ ಬಾಯಿ ಮುಚ್ಚಿ ಕೂತಿರುತ್ತಿತ್ತು.

ಎರಡನೇ ಕಾರಣ ಸಮಯ. ಬೆಳಗ್ಗೆ ಏಳೂವರೆಗೆ ಶಾಲೆಗೆ ಕರ್ಕೊಂಡು ಹೋಗೋ ಕ್ರೂಸರ್ ಗಾಡಿ ಬರ್ತಿತ್ತು. ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನು ತುಂಬಿಕೊಂಡು ಹೋಗೋದು. ಸಂಜೆ ಮನೆಗೆ ಬಂದಾಗ ಐದು ಗಂಟೆ. ಆಮೇಲೆ ಟ್ಯೂಷನ್, ಹೋಮ್‌ವರ್ಕ್. ಮಾರ್ಚ್‌ನಲ್ಲಿ ನಮ್ಮ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಗ ಊಟದ ಮುಂದೆ ಕೂತಲ್ಲೇ ನಿದ್ದೆ ಹೋಗ್ತಿದ್ದ.

ಈಗ ಏನು ಮಾಡ್ತೀವಿ ಅಂತಲೂ ಹೇಳ್ತೀನಿ. ಬೆಳಗ್ಗೆ ಹೊತ್ತು ಓದು, ಬರಹ, ಗಣಿತ. ಸರ್ಕಾರದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೇ ಇಟ್ಟುಕೊಂಡಿದ್ದೇವೆ, ಚೆನ್ನಾಗಿವೆ. ದಿನಾ ಒಂದು ಹೊತ್ತು ಇಂಗ್ಲಿಷ್ ಕಲಿಸ್ತೀನಿ, ಒಂದು ಭಾಷೆಯಾಗಿ. ಮಧ್ಯಾಹ್ನ ಅವರಿಗೆ ಇಷ್ಟ ಬಂದದ್ದು.

ನನಗೆ ತುಂಬಾ ಖುಷಿ ಕೊಟ್ಟದ್ದು ಡ್ಯಾಮಿನ ನೋಟ್‌ಬುಕ್. ಪೇಪರಿನಲ್ಲಿ ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರುತ್ತಲ್ವಾ, ಮಗಳು ಅದನ್ನು ದಿನಾ ಬರೆದಿಡ್ತಾಳೆ. ಗರಿಷ್ಠ ಮಟ್ಟ 1,633 ಅಡಿ. ಕ್ಯೂಸೆಕ್ ಅಂದ್ರೇನು, ಟಿಎಂಸಿ ಅಂದ್ರೇನು ಅಂತ ಅವಳೇ ಕೇಳಿದಳು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ದಿನಕ್ಕೆ 86,400 ಸೆಕೆಂಡ್. ಹಾಗಾದ್ರೆ ಒಂದು ದಿನದಲ್ಲಿ ಒಂದು ಟಿಎಂಸಿ ತುಂಬಬೇಕಾದ್ರೆ ಎಷ್ಟು ಕ್ಯೂಸೆಕ್ ಬರಬೇಕು? ಭಾಗಾಕಾರ ಮಾಡಿ ಸುಮಾರು 11,574 ಅಂತ ತಂದಳು. ದೊಡ್ಡ ಸಂಖ್ಯೆಯ ಭಾಗಾಕಾರ ಅಂದ್ರೆ ಅಳ್ತಿದ್ದ ಹುಡುಗಿ ಅದು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ಇಡೀ ಊರಿಗೆ ಅದೇ ಮಾತು. ಅಂಗಡಿಗೆ ಬಂದ ರೈತರೆಲ್ಲ ಬೇಸಿಗೆ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅಂತ ಚಿಂತೆ ಮಾಡ್ತಿದ್ದರು. ಇವಳು ನೋಟ್‌ಬುಕ್ ತಗೊಂಡು ಅಪ್ಪನ ಪಕ್ಕ ಕೂತು, ಒಂದು ಲಕ್ಷ ಕ್ಯೂಸೆಕ್ ಹೋಗ್ತಿದ್ದರೆ ದಿನಕ್ಕೆ 8.64 ಟಿಎಂಸಿ ಖಾಲಿ ಆಗುತ್ತೆ ಅಂತ ಲೆಕ್ಕ ಹೇಳಿದಳು. ದೊಡ್ಡವರು ಕೂತು ಕೇಳಿದರು. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಈಗ 105 ಚಿಲ್ಲರೆ ಮಾತ್ರ, ಉಳಿದದ್ದು ಎಲ್ಲಿ ಹೋಯ್ತು ಅಂತ ಆಮೇಲೆ ಕೇಳಿದಳು. ಅಲ್ಲಿಂದ ಹೂಳಿನ ವಿಷಯಕ್ಕೆ ಹೋದೆವು. ಮಣ್ಣು ಯಾಕೆ ಕೊಚ್ಚಿಕೊಂಡು ಬರುತ್ತೆ, ಮರ ಕಡಿದರೆ ಏನಾಗುತ್ತೆ, ಗಣಿ ಅಗೆದರೆ ಏನಾಗುತ್ತೆ. ಇದು ಯಾವ ಕ್ಲಾಸಿನ ಪಾಠ ಅಂತ ನನಗೆ ಗೊತ್ತಿಲ್ಲ. ಆದರೆ ಅವಳು ಇದನ್ನು ಮರೆಯೋದಿಲ್ಲ.

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳ್ತಿಲ್ಲ. ನಾನು ಮನೆಯಲ್ಲಿ ಇರ್ತೀನಿ, ಓದಿದ್ದೀನಿ, ಅಂಗಡಿಯಿಂದ ಸಂಸಾರ ನಡೆಯುತ್ತೆ. ಹಾಗಾಗಿ ಆಗ್ತಿದೆ. ನಿಮಗೆ ಏನನಿಸುತ್ತೆ ಹೇಳಿ. ಮುಂದಿನ ಪರೀಕ್ಷೆ, ಸರ್ಟಿಫಿಕೇಟ್ ಬಗ್ಗೆ ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ತೋರಣಗಲ್ಲು ಕ್ವಾರ್ಟರ್ಸ್

ಅಕ್ಕಾ, ಓದಿ ತುಂಬಾ ಖುಷಿ ಆಯ್ತು. ನನ್ನದು ಶಿಫ್ಟ್ ಕೆಲಸ, ಮಗಳಿಗೆ ಐದು ವರ್ಷ. ಒಂದೇ ಪ್ರಶ್ನೆ: ಇದು ಕಾನೂನಿಗೆ ವಿರುದ್ಧ ಅಲ್ವಾ? ಯಾರಾದ್ರೂ ಬಂದು ಕೇಸ್ ಹಾಕಿದರೆ?

ಮಾನ್ವಿ ಮೇಷ್ಟ್ರು

ತಂಗಿ, ನಿಮ್ಮ ಡ್ಯಾಮಿನ ಲೆಕ್ಕವನ್ನು ನಾಳೆ ನನ್ನ ಕ್ಲಾಸಿನಲ್ಲಿ ಮಾಡಿಸ್ತೀನಿ. ಅಷ್ಟು ಚೆನ್ನಾಗಿದೆ. ಆದರೆ ನಿಮ್ಮ ನಿರ್ಧಾರಕ್ಕೆ ನನ್ನ ಒಪ್ಪಿಗೆ ಇಲ್ಲ, ಬೇಜಾರಾಗಬೇಡಿ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದೀನಿ. ನಿಮ್ಮ ತಕರಾರು ಇರೋದು ಅರ್ಥ ಆಗದ ಇಂಗ್ಲಿಷ್ ಬಾಯಿಪಾಠದ ಮೇಲೆ. ಅದಕ್ಕೆ ಮದ್ದು ನಿಮ್ಮ ಊರಿನಲ್ಲೇ ಇದೆಯಲ್ಲಮ್ಮ. ಸರ್ಕಾರಿ ಕನ್ನಡ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಮ್ಮಂಥ ಶಿಕ್ಷಕರೇ ಸೇರಿ ಶುರು ಮಾಡಿದ್ದು ಅದು. ಕಾರ್ಡುಗಳಲ್ಲಿ, ಮೆಟ್ಟಿಲ ಪ್ರಕಾರ, ಮಗು ತನ್ನ ವೇಗದಲ್ಲಿ ಕಲಿಯುತ್ತೆ. ನೀವು ಮನೆಯಲ್ಲಿ ಏನು ಮಾಡ್ತಿದ್ದೀರೋ ಅದರದ್ದೇ ತಿರುಳು.

ಇನ್ನೊಂದು ಮಾತು. ನಮ್ಮ ಕಡೆ 'ಸಾಲಿ ಬಿಡಿಸೇವ್ರಿ' ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್, ಅಂದ್ರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸೋ ಕೆಲಸ, ಶುರುವಾದರೆ ಕ್ಲಾಸಿನಲ್ಲಿ ಬೆಂಚು ಖಾಲಿ ಆಗುತ್ತೆ. ಹೂವಿನ ಎತ್ತರಕ್ಕೆ ಮಕ್ಕಳ ಕೈ ಸರಿಹೋಗುತ್ತೆ ಅಂತ ಕರ್ಕೊಂಡು ಹೋಗ್ತಾರೆ. ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಏಳನೇ ಕ್ಲಾಸ್ ಮುಗೀತು, ಮನೆಯಲ್ಲಿ ಇರಲಿ ಅಂತಾರೆ. ಒಂದೆರಡು ವರ್ಷಕ್ಕೆ ಮದುವೆ ಮಾತು. ಮನೆ ಮನೆಗೆ ಹೋಗಿ, ಕೈ ಮುಗಿದು ವಾಪಸ್ ಕರ್ಕೊಂಡು ಬರ್ತೀವಿ. ಆಗ ಅವರು 'ಆ ಊರಾಗ ಓದಿದವರ ಮಗಳೂ ಮನ್ಯಾಗ ಅದಾಳಲ್ರಿ ಸರ್' ಅಂದರೆ ನಾನು ಏನು ಉತ್ತರ ಕೊಡಲಿ?

ಶಾಲೆ ಅಂದ್ರೆ ಪಾಠ ಒಂದೇ ಅಲ್ಲ ತಂಗಿ. ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಇದೆ. ಬೇರೆ ಬೇರೆ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣೋದು ಇದೆ. ಅದನ್ನು ಮನೆಯಲ್ಲಿ ಹೇಗೆ ಕಲಿಸ್ತೀರಿ?

ಕೌಲ್ ಬಜಾರ್ ಅಪ್ಪ

ಮೇಷ್ಟ್ರು ಹೇಳಿದ್ದು ಸರಿ ಇರಬಹುದು. ಆದರೆ ನಮ್ಮಂಥವರ ಕಥೆಯೂ ಕೇಳಿ ಸರ್. ನನ್ನ ಮಗನಿಗೆ ಓದೋದರಲ್ಲಿ ತೊಂದರೆ ಇದೆ. ಡಿಸ್ಲೆಕ್ಸಿಯಾ ಅಂತಾರೆ. ಅಕ್ಷರ ತಿರುಗಿ ಕಾಣುತ್ತೆ ಅನ್ನೋ ಹಾಗೆ ತಡವರಿಸ್ತಾನೆ. ಬಾಯಲ್ಲಿ ಕೇಳಿ, ಎಲ್ಲಾ ಹೇಳ್ತಾನೆ. ಅವನಿದ್ದ ಶಾಲೆಯಲ್ಲಿ ಅವನನ್ನು ಹಿಂದಿನ ಬೆಂಚಿಗೆ ಹಾಕಿ, ದಡ್ಡ ಅಂತ ಎಲ್ಲರ ಮುಂದೆ ಕರೀತಿದ್ದರು. ಬೆಳಗ್ಗೆ ಯೂನಿಫಾರ್ಮ್ ನೋಡಿದರೇ ವಾಂತಿ ಮಾಡ್ತಿದ್ದ. ನಾವು ಮನೆಯಲ್ಲಿ ಓದಿಸೋಕೆ ಶುರು ಮಾಡಿದ್ದು ಆಸೆಪಟ್ಟಲ್ಲ. ಬೇರೆ ದಾರಿ ಇರಲಿಲ್ಲ.

ನಾನು ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಅವನಿಗೆ ಟೇಪ್ ಹಿಡಿದು ಅಳತೆ, ಅರ್ಧ, ಕಾಲು, ಮುಕ್ಕಾಲು ಕಲಿಸಿದೆ. ಭಿನ್ನರಾಶಿ ಅಷ್ಟರಲ್ಲೇ ಬಂತು. ಈಗ ನಗ್ತಾನೆ. ನನಗೆ ಅಷ್ಟು ಸಾಕು.

ಸಿಂಧನೂರು ವಕೀಲ

ತೋರಣಗಲ್ಲಿನವರು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳ್ತೀನಿ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅದು ಅನ್ವಯ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸೋದು ಪಾಲಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ. ಹಾಗೆ ಸೇರಿಸದ ಪಾಲಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಮನೆಪಾಠದ ಬಗ್ಗೆ ಕಾಯ್ದೆ ಬಾಯಿ ಬಿಟ್ಟು ಏನೂ ಹೇಳಿಲ್ಲ, ಮಾಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಹೀಗಾಗಿ ಅದು ನಡುವೆ ಉಳಿದಿದೆ. ತೀವ್ರ ಅಂಗವೈಕಲ್ಯ ಇರೋ ಮಕ್ಕಳಿಗೆ ಮಾತ್ರ ಮನೆಯಲ್ಲೇ ಶಿಕ್ಷಣ ಪಡೆಯೋ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ.

ವ್ಯವಹಾರದಲ್ಲಿ ಆಗೋದು ಇಷ್ಟು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದಾಗ ನಿಮ್ಮ ಮಗುವಿನ ಹೆಸರು ಪಟ್ಟಿಗೆ ಸೇರುತ್ತೆ. ಸಿಆರ್‌ಪಿ, ಅಂದ್ರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳೋ ಶಿಕ್ಷಣ ಇಲಾಖೆಯವರು, ಬರ್ತಾರೆ, ಕೇಳ್ತಾರೆ. ಅವರ ಮೇಲೆ ರೇಗಬೇಡಿ, ಅದು ಅವರ ಕೆಲಸ. ಮಗುವಿನ ನೋಟ್‌ಬುಕ್ ತೋರಿಸಿ, ಮಗುವನ್ನೇ ಮಾತಾಡಿಸಿ ಅನ್ನಿ. ಹೆಣ್ಣುಮಗು ಮನೆಯಲ್ಲಿದ್ದರೆ ಅವರು ಎರಡು ಸಲ ಬಂದು ನೋಡಲಿ. ನೋಡಬೇಕು ಕೂಡ.

ವಾಪಸ್ ಶಾಲೆಗೆ ಸೇರಿಸಬೇಕು ಅನಿಸಿದರೆ ಬಾಗಿಲು ಮುಚ್ಚಿಲ್ಲ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು.

ಒಂದು ಎಚ್ಚರಿಕೆ. ನಿಮ್ಮ ಮಕ್ಕಳನ್ನು ನೀವು ಓದಿಸೋದು ಒಂದು. ಓಣಿಯ ಮಕ್ಕಳನ್ನೆಲ್ಲ ಕೂಡಿಸಿ, ಫೀ ತಗೊಂಡು, ಶಾಲೆ ಥರ ನಡೆಸಿದರೆ ಅದು ಅನುಮತಿ ಇಲ್ಲದ ಶಾಲೆ ಆಗುತ್ತೆ. ಅದಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ತೋರಣಗಲ್ಲು ಕ್ವಾರ್ಟರ್ಸ್

ಧನ್ಯವಾದ ಸರ್. ಹತ್ತನೇ ಕ್ಲಾಸ್ ಪರೀಕ್ಷೆ ಹೇಗೆ ಬರೆಸೋದು ಅಂತಲೂ ಯಾರಾದ್ರೂ ಹೇಳಿ.

ರಾಯಚೂರು ಉಪನ್ಯಾಸಕಿ

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಸಿಇಟಿ ಅರ್ಜಿ ತುಂಬೋ ಕಾಲಕ್ಕೆ ಅಳುತ್ತಾ ಬರೋ ಪಾಲಕರನ್ನು ಪ್ರತಿ ವರ್ಷ ನೋಡ್ತೀನಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಇದನ್ನು ಮಾತ್ರ ಯಾರೂ ಓದದೆ ಬಿಡಬೇಡಿ.

ಹತ್ತನೇ ತರಗತಿಗೆ ಎರಡು ದಾರಿ. ಒಂದು ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಅಂತಾರೆ. 1989ರಿಂದ ಇದೆ. ಸಣ್ಣ ಮಕ್ಕಳಿಗೆ ಎ, ಬಿ, ಸಿ ಅಂತ ಮೂರು ಹಂತ ಇಟ್ಟಿದ್ದಾರೆ. ಅವು ಮೂರು, ಐದು, ಎಂಟನೇ ತರಗತಿಗೆ ಸಮ. ಹದಿನಾಲ್ಕು ತುಂಬಿದ ಮೇಲೆ ಹತ್ತನೆಯದಕ್ಕೆ ನೋಂದಣಿ ಮಾಡಿಸಬಹುದು. ಐದು ವಿಷಯ ಪಾಸಾದರೆ ಸಾಕು, ಐದು ವರ್ಷದೊಳಗೆ ಒಂದೊಂದಾಗಿಯೂ ಮುಗಿಸಬಹುದು. ಕೌಲ್ ಬಜಾರಿನ ಅಣ್ಣನ ಮಗನಿಗೆ ಇದು ಹೇಳಿ ಮಾಡಿಸಿದ ದಾರಿ. ಇನ್ನೊಂದು ನಮ್ಮ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯೋದು. ಅದಕ್ಕೆ ವಯಸ್ಸಿನ ನಿಯಮ ಇದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಈಗ ಮುಖ್ಯ ವಿಷಯ. ಎಂಜಿನಿಯರಿಂಗ್, ಮೆಡಿಕಲ್, ಕೃಷಿ, ಯಾವುದೇ ಸರ್ಕಾರಿ ಕೋಟಾದ ಸೀಟಿಗೆ ಹೋದರೂ, ಒಂದರಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಓದಿರಬೇಕು ಅನ್ನೋದು ಹೆಚ್ಚಿನವರು ಅರ್ಜಿ ಹಾಕೋ ನಿಯಮ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ಯಾರು ಸಹಿ ಹಾಕ್ತಾರೆ? ತಂದೆ-ತಾಯಿ ಓದಿದ್ದರ ಮೇಲೆ ಅರ್ಹತೆ ಕೊಡೋ ಬೇರೆ ನಿಯಮಗಳೂ ಇವೆ, ಆಯಾ ವರ್ಷದ ಸಿಇಟಿ ಪುಸ್ತಿಕೆಯನ್ನು ಕೂತು ಓದಿ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಪೂರಾ ಹತ್ತು ವರ್ಷದ ಓದು ಬೇಕು. ಒಂದು ವರ್ಷ ತಪ್ಪಿದರೂ ಹೋಯ್ತು. ಸಿಇಟಿಯಲ್ಲಿ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇರೋ ಮಗುವನ್ನು ಬಿಡಿಸೋ ಮುಂಚೆ ಇದನ್ನು ಹತ್ತು ಸಲ ಯೋಚನೆ ಮಾಡಿ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಲ್ಲಿ ಸಿಗೋ ಮೀಸಲಾತಿ ಬಗ್ಗೆ ಭಯ ಬೇಡ. ಅದು ಹುಟ್ಟು, ವಾಸ, ತಂದೆ-ತಾಯಿ ಸ್ಥಳೀಯರು ಅನ್ನೋದರ ಮೇಲೆ ಸಿಗುತ್ತೆ, ಶಾಲೆಯಲ್ಲಿ ಕೂತ ವರ್ಷಗಳ ಮೇಲೆ ಅಲ್ಲ. ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಮಾಡಿಸಬೇಕು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕರ್ನಾಟಕದಲ್ಲಿ ಶೇ. 8 ಸೀಟು ನಮ್ಮ ಮಕ್ಕಳಿಗೆ ಇದೆ. ಆದರೆ ಆ ಸೀಟಿನ ಬಾಗಿಲಿಗೆ ಹೋಗೋಕೆ ಮೊದಲು ಸಿಇಟಿ ಅರ್ಹತೆ ಬೇಕಲ್ವಾ, ಅದಕ್ಕೇ ಆ ಏಳು ವರ್ಷದ ಮಾತು ಹೇಳಿದ್ದು.

ಲಿಂಗಸುಗೂರು ಹೆಣ್ಮಗಳು

ನಾನು ಇಲ್ಲಿ ಬರೆಯೋದು ಕಡಿಮೆ. ಇವತ್ತು ಸುಮ್ನಿರೋಕೆ ಆಗಲಿಲ್ಲ.

ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿದರು. ಹೈಸ್ಕೂಲ್ ಬೇರೆ ಊರಲ್ಲಿತ್ತು, ಬಸ್ಸಿನಲ್ಲಿ ಒಬ್ಬಳೇ ಹೋಗಬಾರದು ಅಂದರು. ಅಣ್ಣನ ಪುಸ್ತಕ ಕದ್ದು ಓದ್ತಿದ್ದೆ. ರೊಟ್ಟಿ ಬಡಿಯುವಾಗ ನನ್ನ ಗೆಳತಿಯರು ಯೂನಿಫಾರ್ಮ್ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗೋದು ಬಾಗಿಲಿನಿಂದ ಕಾಣ್ತಿತ್ತು. ಮದುವೆ ಆಗಿ, ಎರಡು ಮಕ್ಕಳಾದ ಮೇಲೆ ಹೊರಗಿನಿಂದ ಹತ್ತನೇ ಕ್ಲಾಸ್ ಕಟ್ಟಿ ಪಾಸಾದೆ. ಈಗ ಅಂಗನವಾಡಿಯಲ್ಲಿ ಸಹಾಯಕಿ.

ಗಂಗಾವತಿ ಅಕ್ಕ ಒಳ್ಳೆ ಮನಸ್ಸಿನಿಂದ ಮಾಡ್ತಿದ್ದಾರೆ, ಅದು ಕಾಣುತ್ತೆ. ಆದರೂ ಶಾಲೆ ಬಿಡಿಸಿದೆವು ಅಂತ ಓದಿದಾಗ ನನ್ನ ಹೊಟ್ಟೆಯಲ್ಲಿ ಸಂಕಟ ಆಯ್ತು. ಅಕ್ಕಾ, ನಿಮ್ಮ ಮಗಳನ್ನು ನೀವು ಕೇಳಿದ್ದೀರಾ? ಅವಳಿಗೆ ಗೆಳತಿಯರು ಇದ್ದಾರಾ? ಶಾಲೆ ನನಗೆ ಕೊಟ್ಟದ್ದು ಮನೆಯಿಂದ ಹೊರಗೆ ನನ್ನದೇ ಅನ್ನೋ ಒಂದು ಜಾಗ. ಅಮ್ಮ ಎಷ್ಟೇ ಒಳ್ಳೆಯವಳಾಗಿದ್ದರೂ ಆ ಜಾಗ ಮನೆಯಲ್ಲಿ ಸಿಗೋದಿಲ್ಲ.

ಗಂಗಾವತಿ ತಾಯಿ

ಲಿಂಗಸುಗೂರು ತಂಗಿ, ನಿಮ್ಮ ಮಾತನ್ನು ಮಗಳಿಗೆ ಓದಿ ಹೇಳಿದೆ. ನಿಮಗೆ ಉತ್ತರ ಅವಳೇ ಕೊಡಬೇಕು ಅನಿಸಿತು.

ಅವಳು ಹೇಳಿದ್ದನ್ನು ಹಾಗೇ ಬರೀತೀನಿ. ಆ ಶಾಲೆಗೆ ವಾಪಸ್ ಹೋಗಲ್ಲ. ಮನೆಯಲ್ಲಿ ಓದೋದು ಇಷ್ಟ. ಆದರೆ ಸಂಜೆ ಆಡೋಕೆ ಬರೋ ಹುಡುಗಿಯರು ತಮ್ಮ ಶಾಲೆಯ ಮಾತಾಡುವಾಗ ತನಗೆ ಹೇಳೋಕೆ ಏನೂ ಇರೋದಿಲ್ಲ. ಹೈಸ್ಕೂಲಿಗೆ ಹೋಗಬೇಕು, ಖೋ-ಖೋ ಟೀಮಿನಲ್ಲಿ ಆಡಬೇಕು.

ಖೋ-ಖೋ ಮನೆಯಲ್ಲಿ ಆಡಿಸೋಕೆ ಆಗಲ್ಲ ತಂಗಿ. ನೀವು ಹೇಳಿದ ಆ ಜಾಗ ಅವಳಿಗೂ ಬೇಕು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ. ನಮ್ಮೂರ ಸರ್ಕಾರಿ ಶಾಲೆಯನ್ನು ಆಗಲೇ ಹೋಗಿ ನೋಡಿದ್ದೆ. ಇರೋ ಶಿಕ್ಷಕರು ಒಳ್ಳೆಯವರು. ಆದರೆ ಹುದ್ದೆ ಖಾಲಿ ಇದ್ದವು, ಎರಡು ಮೂರು ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂಡಿಸಿದ್ದರು, ಅತಿಥಿ ಶಿಕ್ಷಕರು ಇನ್ನೂ ಬಂದಿರಲಿಲ್ಲ. ಆ ವರ್ಷ ಅಲ್ಲಿ ಬಿಡೋಕೆ ಧೈರ್ಯ ಆಗಲಿಲ್ಲ. ಓದಿದವರ ಮಕ್ಕಳೆಲ್ಲ ದೂರ ಹೋದರೆ ಆ ಶಾಲೆಯ ಪರವಾಗಿ ಕೇಳೋರು ಯಾರೂ ಉಳಿಯೋದಿಲ್ಲ ಅನ್ನೋದು ನನಗೂ ಚೆನ್ನಾಗಿ ಗೊತ್ತಿದೆ. ಮನೆ ಮನೆ ಸುತ್ತುವಾಗ ಯಾರಾದ್ರೂ ನಮ್ಮ ಮಗಳ ಉದಾಹರಣೆ ಕೊಟ್ಟರೆ, ಆ ಹುಡುಗಿ ದಿನಾ ಓದ್ತಾಳೆ, ಹೊಲಕ್ಕೆ ಹೋಗಲ್ಲ, ಹೈಸ್ಕೂಲಿಗೆ ಸೇರ್ತಾಳೆ ಅಂತ ಹೇಳಿ ಸರ್. ಬೇಕಾದರೆ ನಾನೇ ಬಂದು ಹೇಳ್ತೀನಿ.

ಉಪನ್ಯಾಸಕಿ ಮೇಡಂ, ನೀವು ಬರೆದದ್ದನ್ನು ಇಟ್ಟುಕೊಂಡು ನಾನು, ನಮ್ಮ ಯಜಮಾನರು ರಾತ್ರಿ ಕೂತು ಲೆಕ್ಕ ಹಾಕಿದೆವು. ಮಗಳಿಗೆ ಒಂದರಿಂದ ಮೂರರವರೆಗೆ ಮೂರು ವರ್ಷ ಆಗಲೇ ಇದೆ. ಎಂಟಕ್ಕೆ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದರೆ ಪಿಯು ಮುಗಿಯೋ ಹೊತ್ತಿಗೆ ಇನ್ನೂ ಐದು. ಒಟ್ಟು ಎಂಟು ವರ್ಷ, ಸಾಕು. ಮಗನ ವಿಷಯದಲ್ಲಿ ಅಷ್ಟು ಸಮಯ ಇಲ್ಲ. ಅವನದು ಯುಕೆಜಿ ಮಾತ್ರ ಆಗಿತ್ತು, ಅದು ಲೆಕ್ಕಕ್ಕೆ ಬರಲ್ಲ. ಆರರಿಂದ ಸೇರಿದರೆ ದ್ವಿತೀಯ ಪಿಯುವರೆಗೆ ಸರಿಯಾಗಿ ಏಳು. ಹಾಗಾಗಿ ಅವನನ್ನು ಆರನೇ ಕ್ಲಾಸಿಗೆ ತಪ್ಪದೆ ಸೇರಿಸಬೇಕು ಅಂತ ತೀರ್ಮಾನ ಮಾಡಿದ್ದೇವೆ. ಗ್ರಾಮೀಣ ಮೀಸಲಾತಿ ಮಗಳಿಗೆ ಮೊದಲೇ ಸಿಗ್ತಿರಲಿಲ್ಲ, ಪೇಟೆಯ ಶಾಲೆಯಲ್ಲಿ ಶುರು ಮಾಡಿದ್ದರಿಂದ. ಮಗನಿಗೂ ಇನ್ನು ಸಿಗಲ್ಲ, ಒಂದನೇ ಕ್ಲಾಸಿನಿಂದ ಮನೆಯಲ್ಲೇ ಓದಿದ್ದರಿಂದ.

ರಾಯಚೂರು ಉಪನ್ಯಾಸಕಿ

ಲೆಕ್ಕ ಸರಿ ಇದೆ. ಆದರೆ ಮಗನನ್ನು ಐದಕ್ಕೇ ಸೇರಿಸಿ. ಒಂದು ವರ್ಷ ಕೈಯಲ್ಲಿ ಇರಲಿ. ಯಾವುದೋ ಒಂದು ವರ್ಷದ ದಾಖಲೆ ಸಿಗದೆ ಒದ್ದಾಡಿದವರನ್ನು ನೋಡಿದ್ದೀನಿ. ಮಗಳ ಮೂರು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಆ ಶಾಲೆಯಿಂದ ಈಗಲೇ ಬರೆಸಿಕೊಂಡು ಬಿಇಒ ಸಹಿ ಮಾಡಿಸಿಡಿ. ಖಾಸಗಿ ಶಾಲೆ ಮುಚ್ಚಿಹೋದರೆ ಆಮೇಲೆ ಹುಡುಕೋದು ಕಷ್ಟ.

ಕೌಲ್ ಬಜಾರ್ ಅಪ್ಪ

ಮೇಡಂ, ಮುಕ್ತ ಶಾಲೆಯಲ್ಲಿ ಕನ್ನಡ ವಿಷಯ ತಗೋಬಹುದಾ? ಪರೀಕ್ಷೆಯಲ್ಲಿ ಹೆಚ್ಚಿಗೆ ಸಮಯ ಕೊಡ್ತಾರಾ?

ರಾಯಚೂರು ಉಪನ್ಯಾಸಕಿ

ಕನ್ನಡವನ್ನು ಒಂದು ಭಾಷೆಯಾಗಿ ತಗೋಬಹುದು ಅಣ್ಣ. ಡಿಸ್ಲೆಕ್ಸಿಯಾಗೆ ವೈದ್ಯರ ಪ್ರಮಾಣಪತ್ರ ಇದ್ದರೆ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು, ಎರಡನ್ನೂ ಕೇಳಬಹುದು. ಎಸ್‌ಎಸ್‌ಎಲ್‌ಸಿಯಲ್ಲೂ ಇದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಪ್ರಮಾಣಪತ್ರ ಮಾಡಿಸಿ.

ಮಾನ್ವಿ ಮೇಷ್ಟ್ರು

ತಂಗಿ, ಐದನೇ ಕ್ಲಾಸು ಅಂದ್ರೆ ಇನ್ನು ಜಾಸ್ತಿ ದೂರ ಇಲ್ಲ. ದಾಖಲಾತಿ ಮೇ ಕೊನೆಗೆ, ಜೂನ್‌ನಲ್ಲಿ ನಡೆಯುತ್ತೆ. ಜನನ ಪ್ರಮಾಣಪತ್ರ, ಆಧಾರ್ ತಗೊಂಡು ನಿಮ್ಮೂರ ಮುಖ್ಯ ಗುರುಗಳನ್ನು ಕಾಣಿ. ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿಗೆ ಕೊಡೋ ಸ್ಯಾಟ್ಸ್ ನಂಬರ್ ಅವರೇ ಮಾಡಿಕೊಡ್ತಾರೆ. ವಿಜ್ಞಾನ ಓದಿದವರು ಊರಲ್ಲೇ ಇದ್ದೀರಿ, ಪಾಲಕರೇ ಇರೋ ಶಾಲಾ ಸಮಿತಿ ಎಸ್‌ಡಿಎಂಸಿಗೂ ನಿಲ್ಲಿ. ಖಾಲಿ ಹುದ್ದೆ ತುಂಬಿಸಿ ಅಂತ ಅಲ್ಲಿಂದ ಅರ್ಜಿ ಹೋದರೆ ಅದಕ್ಕೆ ಬೆಲೆ ಇದೆ.